ಬಾಡಿದ ಗಿಡಕ್ಕೆ ಕಾವಲು

ಕುಂಡಗಳು ಬಸ್ಸಿನಲ್ಲೇ ಒಡೆಯಬಹುದಿತ್ತು. ಒಡೆಯದಿದ್ದರೆ ಕಂಡಕ್ಟರು, ಇದು ಬಸ್ಸೋ ನರ್ಸರಿಯೋ ಎಂದು ಗದರಿ ನಮ್ಮನ್ನು ನಡುದಾರಿಯಲ್ಲಿ ಇಳಿಸಬಹುದಿತ್ತು. ಇಳಿಸದಿದ್ದರೆ ಮಧುಗಿರಿ ಬೆಟ್ಟದ ಕೋತಿಗಳು ಶಾಲೆಯ ಕಾಂಪೌಂಡು ಹಾರಿ ಬಂದು ನಮ್ಮ ಟೊಮೇಟೊ ಸಸಿಗಳನ್ನು ಬೇರುಸಮೇತ ಕಿತ್ತು ರುಚಿ ನೋಡಬಹುದಿತ್ತು. ತಿಂಗಳುಗಟ್ಟಲೆ ಮುಖ ತೋರಿಸದ ಮಳೆ ಅಂದೇ ಬೆಳಿಗ್ಗೆ ನೆನಪಾದಂತೆ ಬಂದು ಸುರಿಯಬಹುದಿತ್ತು. ರೂಪಾ ತೀರ್ಪುಗಾರರ ಮುಂದೆ ನಿಂತು ತನ್ನ ಹೆಸರನ್ನೇ ಮರೆಯಬಹುದಿತ್ತು. ನಾಗೇಶ ಏನನ್ನೂ ಮರೆಯದೆ, ಕೇಳದ ಪ್ರಶ್ನೆಗೂ ಉತ್ತರ ಹೇಳುತ್ತಾ ನಿಲ್ಲಬಹುದಿತ್ತು. ಯಾರಾದರೂ ಕುಂಡ ಕದಿಯಬಹುದಿತ್ತು. ನನ್ನ ಚಪ್ಪಲಿಯ ಉಂಗುಷ್ಠ ಕಿತ್ತು, ತೀರ್ಪುಗಾರರ ಎದುರು ನಾನು ಕುಂಟುತ್ತಾ ಹೋಗಿ ನಮಸ್ಕಾರ ಮಾಡಬೇಕಾಗಬಹುದಿತ್ತು.

ಇವಿಷ್ಟನ್ನೂ ನಾನು ಹಿಂದಿನ ದಿನ ಸಾರಿಗೆ ಒಗ್ಗರಣೆ ಹಾಕುವಾಗಲೇ ಯೋಚಿಸಿ ಮುಗಿಸಿದ್ದೆ. ಒಗ್ಗರಣೆ ಸೀದುಹೋಯಿತು, ಅದೊಂದನ್ನು ಯೋಚಿಸಿರಲಿಲ್ಲ.

ಚಿಂತೆ ಮಾಡುವುದು ಒಂದು ಕಸುಬು ಎನ್ನುವುದಾದರೆ ನಾನು ಅದರಲ್ಲಿ ಸಾಕಷ್ಟು ಪಳಗಿದವಳು. ನಮ್ಮ ಮನೆಯವರು ನಿಶ್ಚಿಂತೆಯಿಂದ ಗೊರಕೆ ಹೊಡೆಯುವುದು, ಮನೆಯ ಒಟ್ಟು ಚಿಂತೆಯನ್ನು ನಾನೊಬ್ಬಳೇ ಗುತ್ತಿಗೆ ಹಿಡಿದಿದ್ದೇನೆ ಎಂಬ ಭರವಸೆಯಿಂದಲೇ. ಐವತ್ತರ ಹತ್ತಿರ ಬಂದ ಮೇಲೆ ಈ ಗುಣ ಕಡಿಮೆಯಾಗುತ್ತದೆ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಧೈರ್ಯ ಹೇಳಿದ್ದರು. ಕಡಿಮೆಯಾಗಲಿಲ್ಲ. ಬದಲಿಗೆ, ಕಡಿಮೆಯಾಗುತ್ತಿಲ್ಲವಲ್ಲ ಎಂಬ ಹೊಸ ಚಿಂತೆಯೊಂದು ಬಂದು ಸೇರಿಕೊಂಡಿತು.

ನಾನು ದೊಡ್ಡೇರಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕುಗಳು ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಒಂದೇ ಜಿಲ್ಲೆ. ಮಕ್ಕಳ ಸಂಶೋಧನಾ ಸ್ಪರ್ಧೆಗೆ ತಾಲ್ಲೂಕಿಗೊಂದು ತಂಡ ಆಯ್ಕೆಯಾಗಿತ್ತು. ಆ ನಾಲ್ಕರಲ್ಲಿ ಒಂದು ಮಾತ್ರ ರಾಜ್ಯಮಟ್ಟಕ್ಕೆ ಹೋಗಬೇಕು. ಮಧುಗಿರಿ ತಾಲ್ಲೂಕಿನ ತಂಡ ನಮ್ಮದು, ಅಂದರೆ ಹತ್ತನೆಯ ತರಗತಿಯ ರೂಪಾ ಮತ್ತು ಒಂಬತ್ತನೆಯ ತರಗತಿಯ ನಾಗೇಶ. ನಾಗೇಶನಿಗೆ ಮುಂದಿನ ವರ್ಷವೂ ಉಂಟು. ರೂಪಾಳಿಗೆ ಇಲ್ಲ. ಎಂಟನೆಯ ತರಗತಿಯಲ್ಲಿ ಅವಳ ಪ್ರಯೋಗ ಶಾಲೆಯ ಗೇಟು ದಾಟಲಿಲ್ಲ, ಒಂಬತ್ತರಲ್ಲಿ ತಾಲ್ಲೂಕು ದಾಟಲಿಲ್ಲ. ಸ್ಪರ್ಧೆ ಹೈಸ್ಕೂಲಿನವರಿಗೆ ಮಾತ್ರವಾದ್ದರಿಂದ ಇದೇ ಅವಳ ಕೊನೆಯ ಬಸ್ಸು. ಅದನ್ನು ಅವಳು ಬಾಯಿಬಿಟ್ಟು ಒಮ್ಮೆಯೂ ಹೇಳಿದವಳಲ್ಲ. ಕುಂಡಗಳನ್ನು ಎತ್ತಿ ಇಳಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಪ್ರಯೋಗ ಬಲು ಸರಳ. ನಮ್ಮ ಕಡೆ ಕಡಲೆಕಾಯಿ ಸುಲಿದ ಮೇಲೆ ಸಿಪ್ಪೆ ಒಲೆಗೆ ಹೋಗುತ್ತದೆ, ಇಲ್ಲವೇ ಗಾಳಿಗೆ ಹೋಗುತ್ತದೆ. ಅದನ್ನೇ ಗಿಡದ ಬುಡಕ್ಕೆ ದಪ್ಪಗೆ ಹಾಸಿದರೆ ಮಣ್ಣಿನ ತೇವ ಎಷ್ಟು ದಿನ ಹೆಚ್ಚಿಗೆ ನಿಲ್ಲುತ್ತದೆ? ಎಂಟು ಕುಂಡ, ಎಂಟರಲ್ಲೂ ಟೊಮೇಟೊ ಸಸಿ. ಅರ್ಧಕ್ಕೆ ಸಿಪ್ಪೆಯ ಹೊದಿಕೆ, ಅರ್ಧ ಬೋಳು. ಎಲ್ಲಕ್ಕೂ ಒಂದೇ ದಿನ ಒಂದೇ ಅಳತೆಯ ನೀರು, ಆಮೇಲೆ ತೊಟ್ಟೂ ಇಲ್ಲ. ಸ್ಪರ್ಧೆಯ ದಿನ ಹೊದಿಕೆಯವು ನೆಟ್ಟಗೆ ನಿಂತಿರಬೇಕು, ಬೋಳಿನವು ತಲೆ ಬಗ್ಗಿಸಿರಬೇಕು. ಹಾಗಾಗಿ ಬಾಡಿದ ಗಿಡಗಳೇ ನಮ್ಮ ಸಾಕ್ಷಿಗಳು.

ಸಾಕ್ಷಿಗಳನ್ನು ಬಾಡಿಸುವುದು ಮಾತ್ರ ಸುಲಭವಾಗಿರಲಿಲ್ಲ. ನಾಗೇಶ ದಿನವೂ ಕುಂಡಗಳ ಮುಂದೆ ಕೂತು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದ.

"ಪಾಪ ಅನ್ನಿಸ್ತದೆ ಮೇಡಂ. ಒಂದೇ ಒಂದು ಲೋಟ ಹಾಕ್ಬುಡ್ಲಾ?"

"ಮುಟ್ಟಿ ನೋಡು, ಕೈ ಮುರ್ದಾಕ್ತೀನಿ ಕಣ್ಲಾ," ಎನ್ನುತ್ತಿದ್ದಳು ರೂಪಾ. ಹೇಳಿ, ತಾನೂ ಅತ್ತ ನೋಡಲಾರದೆ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಸ್ಪರ್ಧೆ ನಡೆಯುವ ಮಧುಗಿರಿಯ ಶಾಲೆಯ ಉದ್ದನೆಯ ಪಡಸಾಲೆಯಲ್ಲಿ ನಾಲ್ಕು ತಂಡಗಳಿಗೆ ನಾಲ್ಕು ಟೇಬಲ್ಲು ಹಾಕಿದ್ದರು. ನಮ್ಮ ಪಕ್ಕದಲ್ಲಿ ಪಾವಗಡದವರು. ಅವರ ತಂಡದ ಶಿರೀಷ ಎಂಬ ತೆಳ್ಳನೆಯ ಹುಡುಗಿ ಮತ್ತು ಅವಳ ಗೆಳತಿ ಎರಡು ಪುಟ್ಟ ಸೌರಫಲಕ ತಂದಿದ್ದರು. ಧೂಳು ಕೂತ ಫಲಕ ಎಷ್ಟು ವಿದ್ಯುತ್ತನ್ನು ಕಳೆದುಕೊಳ್ಳುತ್ತದೆ ಎಂದು ತೋರಿಸುವುದು ಅವರ ಉದ್ದೇಶ. ಒಂದು ಫಲಕ ಫಳಫಳ, ಇನ್ನೊಂದರ ಮೇಲೆ ಊರಿನಿಂದಲೇ ಕವರಿನಲ್ಲಿ ಕಟ್ಟಿ ತಂದ ಧೂಳು. ಮಧುಗಿರಿಗೆ ಧೂಳು ಹೊತ್ತು ತರುವ ಪ್ರಾಮಾಣಿಕತೆ ವಿಜ್ಞಾನಕ್ಕಲ್ಲದೆ ಇನ್ನಾವುದಕ್ಕೆ ಬಂದೀತು! ಒಂದೊಂದು ಫಲಕಕ್ಕೂ ಒಂದೊಂದು ಪುಟ್ಟ ಫ್ಯಾನು. ಒಂದು ಗಿರ್ರನೆ, ಇನ್ನೊಂದು ನಿದ್ದೆಗಣ್ಣಿನಲ್ಲಿ ತಿರುಗುತ್ತಿತ್ತು. ಅವರಾಚೆ ಶಿರಾದ ಇಮ್ರಾನ್, ಮಣ್ಣಿಗೆ ಎರಡು ಮೊಳೆ ಚುಚ್ಚಿದರೆ ತೇವ ಎಷ್ಟಿದೆಯೆಂದು ಮುಳ್ಳು ತೋರಿಸುವ ಯಂತ್ರವನ್ನು ಹಳೆಯ ಸಾಮಾನುಗಳಿಂದ ಜೋಡಿಸಿದ್ದ. ಕೊನೆಯಲ್ಲಿ ಕೊರಟಗೆರೆಯ ಮಮತಾ, ಹುಣಸೆಬೀಜದ ಅಂಟು ಎಷ್ಟು ಭಾರ ತಡೆಯುತ್ತದೆ ಎಂದು ಅಳೆಯಲು ಒಂದು ಸೊಗಸಾದ ತಕ್ಕಡಿಯನ್ನು ತಂದಿದ್ದಳು.

ಈ ಮಕ್ಕಳು ಒಬ್ಬರಿಗೊಬ್ಬರು ಮಾತಾಡಲಿಲ್ಲ ಎಂದರೆ ನೀವು ನಂಬಬೇಕು. ಎಲ್ಲರೂ ತಂತಮ್ಮ ಚಾರ್ಟುಗಳನ್ನು ಗೋಡೆಗೆ ತಿರುಗಿಸಿಟ್ಟು, ಪರೀಕ್ಷೆಯಲ್ಲಿ ಉತ್ತರಪತ್ರಿಕೆ ಮುಚ್ಚುವ ಹಾಗೆ ಮೊಣಕೈ ಅಡ್ಡವಿಟ್ಟುಕೊಂಡು, ಓರೆಗಣ್ಣಿನಲ್ಲಿ ಪಕ್ಕದ ಟೇಬಲ್ಲನ್ನು ತೂಗುತ್ತಿದ್ದರು. ಮೇಷ್ಟ್ರುಗಳಾದ ನಾವಾದರೂ ಏನು ಕಡಿಮೆ? "ನಿಮ್ಮದು ತುಂಬಾ ಚೆನ್ನಾಗಿದೆ" ಎಂದು ಪರಸ್ಪರ ಹೇಳಿಕೊಂಡೆವು, ಅಷ್ಟೇನೂ ಚೆನ್ನಾಗಿಲ್ಲದಿರಲಿ ಎಂಬ ಹಾರೈಕೆಯೊಂದಿಗೆ.

ನಮ್ಮ ಕುಂಡಗಳು ಒಡೆಯದೆ ಬಂದಿದ್ದವು. ಕಂಡಕ್ಟರು ಗದರದೆ ತಾವೇ ಒಂದನ್ನು ಹಿಡಿದುಕೊಂಡಿದ್ದರು. ಮೋಡದ ಸುಳಿವಿರಲಿಲ್ಲ. ಕೋತಿಗಳ ಕಾವಲಿಗೆ ನಮ್ಮ ಜೊತೆ ಬಂದಿದ್ದ ದೈಹಿಕ ಶಿಕ್ಷಕ ರಂಗಸ್ವಾಮಿಯವರನ್ನು ಒಂದು ಕೋಲು ಕೊಟ್ಟು ಗೇಟಿನ ಬಳಿ ನಿಲ್ಲಿಸಿ, ಮಕ್ಕಳನ್ನು ಕರೆದುಕೊಂಡು ಉಪ್ಪಿಟ್ಟಿಗೆ ಹೋದೆ. ಬಾಡಿದ ನಾಲ್ಕು ಗಿಡಗಳು ಎಷ್ಟು ಚೆನ್ನಾಗಿ ಬಾಡಿದ್ದವೆಂದರೆ, ನನಗೆ ಉಪ್ಪಿಟ್ಟು ಕೂಡ ಎಂದೂ ಇಲ್ಲದಷ್ಟು ರುಚಿಸಿತು. ತಿಂಡಿಯಾದ ಮೇಲೆ ಯಾರೋ ಸ್ವಾಗತ ಭಾಷಣ ಮಾಡಿದರು, ಇನ್ಯಾರೋ ಅದಕ್ಕೆ ವಂದಿಸಿದರು.

ಹಿಂತಿರುಗಿ ಬಂದಾಗ ನಾಗೇಶನ ಕೂಗು ಪಡಸಾಲೆಯ ಆ ತುದಿಯವರೆಗೂ ಕೇಳಿಸಿತು.

"ಯಾರ್ಲಾ ನೀರು ಹಾಕ್ಬುಟ್ಟಿದ್ದು!"

ಬೋಳು ಕುಂಡಗಳ ಮಣ್ಣು ಕಪ್ಪಗೆ ನೆನೆದಿತ್ತು. ನಮ್ಮ ಸಾಕ್ಷಿಗಳು ಒಂದೊಂದಾಗಿ ತಲೆಯೆತ್ತುತ್ತಿದ್ದವು. ಸುಖವಾಗಿ ನಿದ್ದೆ ಮಾಡಿ ಎದ್ದವರ ಹಾಗೆ, ಎಲೆಗಳನ್ನು ಅಗಲಿಸಿಕೊಂಡು, ಹೊದಿಕೆಯ ಗಿಡಗಳ ಪಕ್ಕ ಅಣ್ಣತಮ್ಮಂದಿರಂತೆ ನಿಂತುಬಿಟ್ಟವು. ಯಾವುದು ನೀರುಂಡದ್ದು, ಯಾವುದು ನೀರಿಲ್ಲದೆ ಉಳಿದದ್ದು ಎಂದು ಇನ್ನು ಯಾವ ತೀರ್ಪುಗಾರರೂ ಹೇಳಲಾರರು. ರೂಪಾ ಟೇಬಲ್ಲಿನ ತುದಿ ಹಿಡಿದು ನಿಂತಳು.

"ಹೋಗ್ಬುಡ್ತು ಮೇಡಂ," ಎಂದಳು ಕೊನೆಗೆ, ತೀರಾ ಮೆಲ್ಲಗೆ.

ಆಗ ಪಕ್ಕದ ಟೇಬಲ್ಲಿನಿಂದ ಶಿರೀಷ ಎದ್ದು ಬಂದಳು. ಕೈಯಲ್ಲಿ ಖಾಲಿ ಬಾಟಲಿ ಇತ್ತು.

"ಅಯ್ಯೋ ಅಕ್ಕಾ, ನೇನೇ... ನಾನೇ ಹಾಕ್ದೆ. ಬಾಡೋಗಿತ್ತಲ್ಲ. ನೀವು ಮರ್ತುಬಿಟ್ಟೀರಿ ಅಂದ್ಕೊಂಡೆ."

"ಮರೀತಾರಾ?" ನಾಗೇಶ ಹಾರಿಬಿದ್ದ. "ಎಷ್ಟು ಕಷ್ಟಪಟ್ಟು ಬಾಡ್ಸಿದ್ವು ಗೊತ್ತಾ?"

"ನಮ್ ಸ್ಕೂಲಲ್ಲಿ ಬಾಟ್ಲಿ ನೀರು ಮಿಕ್ಕರೆ ಚೆಲ್ಲಂಗಿಲ್ಲ ಮೇಡಂ," ಎಂದು ಅವಳು ನನ್ನತ್ತ ತಿರುಗಿದಳು. ಅಳು ಬಂದುಬಿಟ್ಟಿತ್ತು. "ಎದುರಿಗೆ ಯಾವ ಗಿಡ ಕಾಣ್ತದೋ ಅದಕ್ಕೆ ಹಾಕ್ಬೇಕು. ಕೈ ಅಂಗೇ ಹೋಯ್ತು."

ಕೈ ಹಾಗೆಯೇ ಹೋಗುತ್ತದೆ. ಅದನ್ನು ನಾನು ಅಲ್ಲಗಳೆಯುವುದು ಹೇಗೆ? ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಅಕ್ಕಿ ತೊಳೆದ ನೀರು ಮೋರಿಗೆ ಹೋಗುವುದಿಲ್ಲ, ಕರಿಬೇವಿನ ಬುಡಕ್ಕೆ ಹೋಗುತ್ತದೆ. ಉಂಡವರು ಕೈ ತೊಳೆಯಲು ತೆಂಗಿನ ಪಾತಿಯನ್ನೇ ಹುಡುಕಿಕೊಂಡು ಹೋಗುತ್ತಾರೆ. ಬಸ್ಸಿಗೆ ಕಾಯುವವರು ಬಾಟಲಿಯ ತಳದ ಗುಟುಕನ್ನು ಯಾರೋ ನೆಟ್ಟು ಹೋದ ಹೊಂಗೆ ಸಸಿಗೆ ಹಾಕಿ, ಆಮೇಲೆ ಬಸ್ಸು ಹತ್ತುತ್ತಾರೆ. ನೀರು ಸಮೃದ್ಧವಾಗಿರುವ ಸೀಮೆಯ ಹುಡುಗಿಯಾಗಿದ್ದರೆ ನಮ್ಮ ಗಿಡಗಳನ್ನು ನೋಡಿ, ಬಾಡಿದೆ ಎಂದುಕೊಂಡು ಮುಂದೆ ಹೋಗುತ್ತಿದ್ದಳೇನೋ. ಇವಳು ಪಾವಗಡದವಳು. ಇಂಥ ತಪ್ಪು ಮಾಡಲು ಅಂಥ ಊರಿನಲ್ಲೇ ಹುಟ್ಟಿ ಬೆಳೆದಿರಬೇಕು.

ನನ್ನ ಚಿಂತಾಶಾಸ್ತ್ರದ ಕುಂದೂ ಆಗಲೇ ನನಗೆ ಹೊಳೆದದ್ದು. ಇಷ್ಟು ವರ್ಷ ಒಂದು ದಿನವೂ ಬಿಡದೆ ಅಭ್ಯಾಸ ಮಾಡಿದ್ದೇನೆ. ಕಳ್ಳರು ಬಂದರೆ ಹೇಗೆ, ಕೋತಿ ಬಂದರೆ ಹೇಗೆ, ಹೊಟ್ಟೆಕಿಚ್ಚಿನವರು ಬಂದರೆ ಹೇಗೆ ಎಂದೆಲ್ಲ ಅಳೆದು ಸುರಿದಿದ್ದೇನೆ. ಒಳ್ಳೆಯವರು ಬಂದರೆ ಹೇಗೆ ಎಂದು ಒಂದು ಸಲವೂ ಚಿಂತಿಸಿರಲಿಲ್ಲ. ಕೇಡಿಗೆ ಬಾಗಿಲು ಹಾಕಿ, ಚಿಲಕ ಹಾಕಿ, ರಂಗಸ್ವಾಮಿಯವರ ಕೈಗೆ ಕೋಲನ್ನೂ ಕೊಟ್ಟು ಕೂರುತ್ತೇವೆ; ಕರುಣೆ ಮಾತ್ರ ನೀರಿನ ಬಾಟಲಿ ಹಿಡಿದು ಪಕ್ಕದ ಟೇಬಲ್ಲಿನಿಂದ ನಡೆದು ಬರುತ್ತದೆ. ಅದಕ್ಕೆ ಕಾವಲು ಹಾಕುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹಾಕಬೇಕೆಂಬ ಆಸೆಯೂ ಇಲ್ಲ.

ಇದು ಈಗಿನ ಜ್ಞಾನ. ಆಗ ನಾನು ಮಾಡಿದ್ದು, ಒಂದು ಕುರ್ಚಿ ಹುಡುಕಿ ಕೂತದ್ದು.

ಶಿರೀಷ ಅಳುವುದನ್ನು ನೋಡಲಾರದೆಯೋ, ನಾಗೇಶನ ಕೂಗು ಕೇಳಲಾರದೆಯೋ, ಇಮ್ರಾನ್ ತನ್ನ ಯಂತ್ರವನ್ನು ಹಿಡಿದುಕೊಂಡು ಬಂದ.

"ಅರೆ, ಅಳೋದ್ಯಾಕೆ? ಮಾತೇ ಆಡ್ದೆ ಕುಂತ್ಕಂಡ್ರೆ ಗಿಡ ಮತ್ತೆ ಬಾಡ್ತದಾ?" ಎಂದು ನೇರವಾಗಿ ನಮ್ಮ ಬೋಳು ಕುಂಡದ ಮಣ್ಣಿಗೆ ಮೊಳೆ ಚುಚ್ಚಿದ. ಮುಳ್ಳು ಸರಿಯಿತು. ಹೊದಿಕೆಯ ಕುಂಡಕ್ಕೂ ಚುಚ್ಚಿದ. ಮುಳ್ಳು ಸ್ವಲ್ಪ ಹಿಂದೆ ನಿಂತಿತು. "ನೋಡು, ಇದಕ್ಕೂ ಮುಳ್ಳು ಅಲ್ಲೀತನಕ ಬರೋವಷ್ಟು ನೀರು ಹಾಕ್ಬುಟ್ರೆ ಎರಡೂ ಬರಾಬರ್. ಹೊಸದಾಗಿ ರೇಸ್ ಬಿಟ್ಟಂಗೆ. ಸಂಜೆ ತನಕ ಟೈಮ್ ಐತಲ್ಲ?"

ರೂಪಾ ಮುಖವೆತ್ತಿದಳು. "ಸಂಜೆಗೆ ಎಲ್ಲಿ ಬಾಡ್ತವೆ? ದಿನಗಟ್ಲೆ ಬೇಕು."

"ಬಾಡ್ಲೇಬೇಕು ಅಂತ ಯಾಕಮ್ಮ?" ಎಂದಳು ಮಮತಾ, ಅಷ್ಟು ದೂರದಿಂದ ತಕ್ಕಡಿಯನ್ನು ಮಗುವಿನಂತೆ ಎತ್ತಿಕೊಂಡು ಬರುತ್ತಾ. "ತೂಕ ಮಾಡಾಣ. ನೀರು ಆರಿದಷ್ಟೂ ಕುಂಡ ಹಗುರಾಗ್ತದೆ. ಕಣ್ಣಿಗೆ ಕಾಣ್ದೆ ಇದ್ರೂ ತಕ್ಕಡಿಗೆ ಕಾಣ್ತದೆ."

ನಾನು ಕುರ್ಚಿಯಿಂದ ಎದ್ದೆ. ವಿಜ್ಞಾನದ ಮೇಡಂ ಎನಿಸಿಕೊಂಡವಳು ಇದನ್ನು ಮೊದಲೇ ಹೇಳಬಹುದಿತ್ತು. ಆದರೆ ನಾನು ಆಗ, ಬೇರೆ ತಂಡದ ಸಹಾಯ ಪಡೆದರೆ ಸ್ಪರ್ಧೆಯಿಂದಲೇ ಹೊರಗೆ ಹಾಕಬಹುದು ಎಂಬ ಹೊಚ್ಚಹೊಸ ಚಿಂತೆಯ ಆರೈಕೆಯಲ್ಲಿ ತೊಡಗಿದ್ದೆ.

ಹೊದಿಕೆಯ ಕುಂಡಗಳಿಗೂ ನೀರು ಹಾಕಿ, ಎಂಟನ್ನೂ ತೂಗಿ ಬರೆದುಕೊಂಡು, ಬಿಸಿಲಿಗೆ ಸಾಗಿಸಿದರು. ಬಿಸಿಲಿನ ಜೊತೆ ಗಾಳಿಯೂ ಇದ್ದರೆ ಬೇಗ ಆರುತ್ತದೆ ಎಂದು ರೂಪಾ ಅಂದದ್ದೇ ತಡ, ಶಿರೀಷ ಕಣ್ಣೊರೆಸಿಕೊಂಡು ತನ್ನ ಫಲಕಗಳನ್ನು ತಂದಿಟ್ಟಳು. ಎರಡೂ ಕಡೆ ಗಾಳಿ ಸಮನಾಗಿ ಬೀಸಬೇಕು, ಆದರೆ ಧೂಳಿನ ಫಲಕದ ಫ್ಯಾನು ತೂಕಡಿಸುತ್ತಿದೆ. ಅವಳು ಒಂದು ಗಳಿಗೆಯೂ ಯೋಚಿಸದೆ ವೇಲಿನ ತುದಿಯಿಂದ ಆ ಧೂಳನ್ನು, ಪಾವಗಡದಿಂದ ಅಷ್ಟು ಜೋಪಾನವಾಗಿ ತಂದ ಧೂಳನ್ನು, ಒರೆಸಿಬಿಟ್ಟಳು.

"ಏಯ್, ನಿಮ್ ಪ್ರಯೋಗ?" ಎಂದು ಈ ಸಲ ಗಾಬರಿಯಾದವಳು ರೂಪಾ.

"ಧೂಳಿಗೇನು ಬರಗಾಲಾನಾ?" ಎಂದ ಇಮ್ರಾನ್. "ನಾಗೇಶನ್ ಬ್ಯಾಗ್ ಒದರಿದ್ರೆ ನಾಕು ತಾಲ್ಲೂಕಿಗೆ ಆಗ್ತದೆ."

ನಾಗೇಶ ಕೂಡ ನಕ್ಕುಬಿಟ್ಟ. ಶಿರೀಷ ನಗಲಿಲ್ಲ. ಮಧ್ಯಾಹ್ನದವರೆಗೂ ಅವಳು ಆ ಕುಂಡಗಳ ಬಳಿ ಮಂಡಿಯೂರಿ, ತೂಕವನ್ನು ಕೂಗಿ ಹೇಳುತ್ತಾ, ಫಲಕಗಳನ್ನು ಬಿಸಿಲಿಗೆ ತಿರುಗಿಸುತ್ತಾ ಕೂತಿದ್ದಳು. ಊಟಕ್ಕೆ ಕರೆದರೆ, "ನೀವು ಹೋಗ್ರಿ, ನಾನು ಕಾಯ್ತೀನಿ" ಎಂದಳು. ಕೊನೆಗೆ ರೂಪಾಳೇ ತಟ್ಟೆ ತಂದು ಅವಳ ಮುಂದಿಟ್ಟು, "ಉಣ್ಣು. ಇಲ್ದಿದ್ರೆ ನಿನ್ನೂ ತೂಕಕ್ಕಿಡ್ತೀನಿ" ಎಂದು ಗದರಿದಳು. ಅದು ಆ ಹುಡುಗಿಗೆ ಸಿಕ್ಕ ಕ್ಷಮೆ. ಕ್ಷಮೆ ನಮ್ಮ ಕಡೆ ಹೆಚ್ಚಾಗಿ ಬೈಗುಳದ ವೇಷದಲ್ಲೇ ಬರುತ್ತದೆ.

ಪಡಸಾಲೆಯ ಮೊಣಕೈಗಳೆಲ್ಲ ಯಾವಾಗ ಇಳಿದವೋ ನಾನು ಗಮನಿಸಲಿಲ್ಲ. ಮಮತಾಳ ಹುಣಸೆ ಅಂಟಿನಿಂದ ಇಮ್ರಾನನ ಯಂತ್ರದ ಸಡಿಲವಾದ ತಂತಿಯನ್ನು ಅಂಟಿಸಿದ್ದರು. ಪಾವಗಡದ ಫಲಕಕ್ಕೆ ಮಧುಗಿರಿಯ ಆಟದ ಮೈದಾನದ ಧೂಳನ್ನು ಜರಡಿ ಹಿಡಿದು ಮತ್ತೆ ಹರಡಿದ್ದರು. ಗುಟ್ಟೆಂದು ಗೋಡೆಗೆ ತಿರುಗಿಸಿದ್ದ ಚಾರ್ಟುಗಳನ್ನು ಒಬ್ಬರದನ್ನು ಒಬ್ಬರು ಓದಿ, ಒಬ್ಬರ ತಪ್ಪನ್ನು ಒಬ್ಬರು ಆಡಿಕೊಂಡು, ತಿದ್ದಿಯೂ ಕೊಟ್ಟಿದ್ದರು. ಪೈಪೋಟಿಗೆಂದು ಕರೆಸಿದ ಮಕ್ಕಳು ಪಕ್ಕದ ಮನೆಯವರಾಗಿಬಿಟ್ಟಿದ್ದರು. ಒಬ್ಬರ ಒರಳಿನಲ್ಲಿ ಇನ್ನೊಬ್ಬರ ಕಾರ ಅರೆಯುವಷ್ಟು ಸಲಿಗೆ. ತಾಲ್ಲೂಕಿನ ಗಡಿಗಳು ನಕ್ಷೆಯಲ್ಲಿ ಇರುವಷ್ಟು ಗಟ್ಟಿಯಾಗಿ ನೆಲದ ಮೇಲೆ ಇರುವುದಿಲ್ಲ, ಹೊಲಗಳು ಆಚೆಗೂ ಈಚೆಗೂ ಒಂದೇ ಬಣ್ಣದಲ್ಲಿ ಒಣಗುತ್ತವೆ.

ತೀರ್ಪುಗಾರರು ಮೂವರು. ಅವರಲ್ಲಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡಿದ್ದ ಹಿರಿಯರು ನಮ್ಮ ಟೇಬಲ್ಲಿನ ಸುತ್ತ ನಾಲ್ಕೂ ತಾಲ್ಲೂಕಿನ ಮಕ್ಕಳು ನಿಂತಿರುವುದನ್ನು ನೋಡಿ ಹುಬ್ಬೇರಿಸಿದರು.

"ಈ ಪ್ರಯೋಗ ಯಾರದು?"

ಹೇಳಬೇಡ, ಎಂದು ನಾನು ಮನಸ್ಸಿನಲ್ಲೇ ರೂಪಾಳಿಗೆ ಕೂಗಿ ಹೇಳಿದೆ. ನಮ್ಮದು ಎಂದಷ್ಟೇ ಹೇಳಿ ಸುಮ್ಮನಾಗು. ಅವಳು ನನ್ನ ಕಡೆ ನೋಡಲೇ ಇಲ್ಲ.

"ಬಾಡಿಸಿದ್ದು ನಾವು ಸಾರ್. ಇವತ್ತು ಬೆಳಿಗ್ಗೆ ಕೆಟ್ಟೋಯ್ತು. ಆಮೇಲಿಂದು ಎಲ್ಲರದೂ." ನಡೆದದ್ದನ್ನು ಮೊದಲಿನಿಂದ ಹೇಳಿದಳು. ಯಾರು ನೀರು ಹಾಕಿದರು ಎಂಬುದನ್ನು ಮಾತ್ರ ಬಿಟ್ಟು.

"ನಾನ್ ಸಾರ್," ಎಂದಿತು ಹಿಂದಿನಿಂದ ಒಂದು ಸಣ್ಣ ದನಿ. "ನೀರು ಹಾಕಿದ್ದು ನಾನು. ಬಾಡಿತ್ತು ಸಾರ್."

ಹಿರಿಯರು ಶಿರೀಷಳನ್ನು ನೋಡಿ, ಬಳಿಕ ರೂಪಾಳನ್ನು ಕೇಳಿದರು: "ಪ್ರಯೋಗದ ಗಿಡ ಬಿಟ್ಟು ಹೋಗುವಾಗ ಒಬ್ಬರನ್ನು ಕಾವಲು ಬಿಡಬೇಕು ಅಂತ ಗೊತ್ತಾಗಲಿಲ್ವೇನಮ್ಮ?"

"ಬಿಟ್ಟಿದ್ವಿ ಸಾರ್, ಗೇಟಲ್ಲಿ. ಕಿತ್ಕೊಂಡೋಗೋರು ಬರ್ತಾರೆ ಅಂತ ಅಂದ್ಕೊಂಡಿದ್ವಿ. ನೀರು ಹಾಕೋರು ಬರ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ತಕ್ಕಡಿಯ ಅಂಕಿಗಳನ್ನು ನೋಡಿದರು. ಬೋಳು ಕುಂಡಗಳು ಹೊದಿಕೆಯವಕ್ಕಿಂತ ಚೆನ್ನಾಗಿ ಹಗುರಾಗಿದ್ದವು. ಮೊಳೆ ಚುಚ್ಚಿಸಿ ಮುಳ್ಳನ್ನೂ ನೋಡಿದರು. ಕೈಯಲ್ಲಿದ್ದ ಹಾಳೆಯ ಮೇಲೆ ಏನೋ ಗೀಚಿಕೊಂಡು ಹೋದರು. ನಾನು ಮತ್ತೆ ಕುರ್ಚಿಯ ಕಡೆ ನಡೆದೆ.

ಸಂಜೆ ರಾಜ್ಯಮಟ್ಟಕ್ಕೆ ಹೋಗುವ ತಂಡದ ಹೆಸರು ಹೇಳಿದಾಗ ರೂಪಾಳಿಗೆ ಕೇಳಿಸಲೇ ಇಲ್ಲ, ಏಕೆಂದರೆ ಮಮತಾ, ಇಮ್ರಾನ್ ಮತ್ತು ನಾಗೇಶ ಮಧುಗಿರಿ ಎಂದು ಬಾಯಿ ಬಿಡುವಷ್ಟರಲ್ಲೇ ಕಿರುಚಿದ್ದರು. ಅವಳು ಬಾಯಿ ತೆರೆದು ನಿಂತವಳು ನಿಂತಂತೆಯೇ ಇದ್ದಳು. ಮೂರು ವರ್ಷದಿಂದ ಬಿಗಿಹಿಡಿದಿದ್ದ ಉಸಿರನ್ನು ಬಿಡಲು ಅಷ್ಟು ಹೊತ್ತು ಬೇಕಲ್ಲ. ಹಿರಿಯರು ಒಂದು ಷರತ್ತು ಹಾಕಿದರು. ಒಂದು ಹಗಲಿನ ತೂಕ ಸಾಲದು. ಇದೇ ಪರೀಕ್ಷೆ ನಾಲ್ಕೂ ತಾಲ್ಲೂಕಿನ ಬಿಸಿಲಿನಲ್ಲಿ ಮತ್ತೆ ನಡೆಯಬೇಕು, ನಡೆಸಿದವರ ಹೆಸರೂ ವರದಿಯಲ್ಲಿ ಇರಬೇಕು. ಹೀಗಾಗಿ ನಮ್ಮ ಎಂಟು ಕುಂಡಗಳು ಜೋಡಿ ಜೋಡಿಯಾಗಿ, ಒಂದು ಹೊದಿಕೆಯದು ಒಂದು ಬೋಳು, ನಾಲ್ಕು ದಿಕ್ಕಿಗೆ ಹೊರಟವು.

ಬೆಳಿಗ್ಗೆ ನೀರು ಬಿದ್ದದ್ದನ್ನು ಎಡವಟ್ಟು ಎಂದು ಕರೆಯಲು ಆಮೇಲೆ ನನಗೆ ಮನಸ್ಸಾಗಲಿಲ್ಲ. ಅದನ್ನು ಬಿಟ್ಟರೆ ಆ ದಿನ ತಪ್ಪಿದ್ದು ಒಂದೇ ಒಂದು, ಅದೂ ತೀರಾ ಸಣ್ಣದು.

ಮಧುಗಿರಿ ಬಸ್‌ ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸು ಹೊರಡುವುದರಲ್ಲಿತ್ತು. ಶಿರೀಷ ಮತ್ತು ಅವಳ ಗೆಳತಿ ತಮ್ಮ ಮೇಡಂ ಜೊತೆ ಹತ್ತಿ ಕೂತಿದ್ದರು. ಅವರ ಪಾಲಿನ ಜೋಡಿ ಕುಂಡಗಳನ್ನು ಸೀಟಿನ ಕೆಳಗೆ ಭದ್ರವಾಗಿ ಇಡುವ ಕೆಲಸವನ್ನು ನಾನು ಇನ್ನೊಬ್ಬರಿಗೆ ಬಿಟ್ಟುಕೊಡುವುದುಂಟೆ? ಒಳಗೆ ಹೋಗಿ, ಬಗ್ಗಿ, ಎರಡೂ ಪಕ್ಕ ಚೀಲ ಒತ್ತರಿಸಿ, ತಿರುವಿನಲ್ಲಿ ಕಾಲು ಅಡ್ಡ ಕೊಡಬೇಕು, ಇಳಿಯುವಾಗ ಕಂಠ ಹಿಡಿದು ಎತ್ತಬಾರದು, ಮನೆಯವರಿಗೆಲ್ಲ ಮುಂಚೆಯೇ ಹೇಳಿಡಬೇಕು ಎಂದು ಒಂದೊಂದಾಗಿ ಬೋಧಿಸುತ್ತಾ ಹೋದೆ. ಶಿರೀಷ ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದಳು. ಆಡಿಸುತ್ತಾ ಆಡಿಸುತ್ತಾ ಅವಳ ಮುಖದಲ್ಲಿ ಏನೋ ಬದಲಾಗತೊಡಗಿತು. ತುಟಿ ಕಚ್ಚಿಕೊಂಡಳು. ಕಚ್ಚಿದ ತುಟಿ ನಿಲ್ಲಲಿಲ್ಲ. ಬೆಳಗಿನಿಂದ ಒಮ್ಮೆಯೂ ನಗದಿದ್ದ ಹುಡುಗಿ, ಬಾಯಿಗೆ ವೇಲು ಅಡ್ಡ ಹಿಡಿದರೂ ತಡೆಯಲಾರದೆ, ಕಿಟಕಿಯ ಸರಳಿಗೆ ತಲೆಯಾನಿಸಿ ಬಿದ್ದು ಬಿದ್ದು ನಗತೊಡಗಿದಳು.

"ಯಾಕಮ್ಮ?" ಎಂದೆ.

"ಮೇಡಂ," ಎಂದಳು ಉಸಿರು ತಗೊಂಡು, "ಬಸ್ಸು ಹೊಂಟದೆ."

ಊರು ಆಗಲೇ ಹಿಂದೆ ಸರಿದಿತ್ತು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಆ ಕಡೆಯಿಂದ ರಂಗಸ್ವಾಮಿಯವರು, ಎಂದಿನ ಹಾಗೆ ಸಾವಧಾನವಾಗಿ, "ಮೇಡಂ, ನಮ್ ಬಸ್ಸು ಬಂತು. ಮಕ್ಕಳು ಹತ್ತಿದ್ರು, ಕುಂಡಾನೂ ಹತ್ತಿದ್ವು. ನೀವೆಲ್ಲಿದ್ದೀರಿ?" ಎಂದರು. ಎದುರಿಗೆ ಕಂಡಕ್ಟರು ಬಂದು ನಿಂತು, ಪಾವಗಡಕ್ಕಾ ಎಂದು ಕೇಳುತ್ತಿದ್ದರು. ಶಿರೀಷ ಇನ್ನೂ ನಗುತ್ತಲೇ, ಕಿಟಕಿಯ ಪಕ್ಕದ ಜಾಗವನ್ನು ನನಗೆ ಬಿಟ್ಟುಕೊಟ್ಟು ಸರಿದು ಕೂತಳು.